ಸುಸಲಾದೊಳಗಿನ ಮದ್ದು

ನಾಗಲಿಂಗ ಮನೆಅಳಿಯ. ಈ ಒಂದು ಮಾತು ಹೇಳಿದರೆ ಅವನ ಅರ್ಧ ಚರಿತ್ರೆ ಹೇಳಿದಂತೆ. ಉಳಿದ ಅರ್ಧ ಸೀರೆಗೆ ಫಾಲ್ ಹಚ್ಚುವುದರಲ್ಲಿ ಹೋಯಿತು. ಇಳಕಲ್ಲಿನಲ್ಲಿ ಸೀರೆ ನೇಯ್ದು ಹೆಸರು ಮಾಡಿದವರಿದ್ದಾರೆ, ಮಾರಿ ಹೆಸರು ಮಾಡಿದವರಿದ್ದಾರೆ. ನಾಗಲಿಂಗ ಮಾತ್ರ ಆ ಸೀರೆಯ ಒಳಬದಿಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಒಂದು ಪಟ್ಟಿ ಹೊಲಿದು ಬದುಕಿದವನು. ಮನೆಯಲ್ಲೂ ಅವನ ಜಾಗ ಅದೇ. ಮನೆ ಅತ್ತೆ ಸಾವಂತ್ರವ್ವನದು, ಪಗಾರ ಹೆಂಡತಿ ಸುಧಾರಾಣಿಯದು, ಕಾರುಬಾರು ಮಗಳು ಅಂಜನಾಳದು. ಒಳಪಟ್ಟಿ ನಾಗಲಿಂಗ.

ಸಾವಂತ್ರವ್ವ ಮಗಳ ಮದುವೆಯಾದಂದಿನಿಂದ ಅಳಿಯನ ಜೊತೆ ನೇರವಾಗಿ ಮಾತಾಡಿದವಳಲ್ಲ. ಅದು ಮರ್ಯಾದೆ ಎಂದು ಅವಳು ಹೇಳುತ್ತಿದ್ದಳು, ಮುನಿಸು ಎಂದು ನಮ್ಮ ಓಣಿ ಹೇಳುತ್ತಿತ್ತು. ಏನಿದ್ದರೂ ಅವಳು ಪಡಸಾಲೆಯ ಕಂಬಕ್ಕೆ ಹೇಳುವಳು.

"ಕಂಬಾ, ಅಳಿಯಾಗೋಳಿಗೆ ಹೇಳು, ನಳಾ ಬಂದೈತಿ ಅಂತ."

ನಾಗಲಿಂಗನೂ ಕಂಬವನ್ನೇ ನೋಡಿ, "ಕಂಬಾ, ಅತ್ತಿಯವ್ರಿಗೆ ಹೇಳು, ಕೊಡಾ ತಗೊಂಡ ಹೊಂಟೇನಿ ಅಂತ" ಎನ್ನುವನು. ಆ ಕಂಬಕ್ಕೆ ಕಾಲಿದ್ದಿದ್ದರೆ ಎಂದೋ ಮನೆ ಬಿಟ್ಟು ಹೋಗುತ್ತಿತ್ತು.

ಇಂಥ ಶಾಂತ ಸಂಸಾರದಲ್ಲಿ ತೊಡಕು ಶುರುವಾದದ್ದು ಶಾಲೆಯಲ್ಲಿ ನಡೆದ ಆರೋಗ್ಯ ತಪಾಸಣೆಯಿಂದ. ಒಂದನೆಯ ತರಗತಿಯ ಅಂಜನಾ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬೆರಳು ಚುಚ್ಚಿ ನೋಡಿ, ತಂದೆತಾಯಿಯನ್ನು ಕರೆಸಿದರು.

"ರಕ್ತ ಭಾಳ ಕಡಿಮಿ ಐತ್ರಿ. ಬರೀ ಟಾನಿಕ್ಕಿನಿಂದ ಆಗೂದಲ್ಲ. ತಪ್ಪಲಪಲ್ಯ, ಕಾಯಿಪಲ್ಯ ದಿನಾ ಹೊಟ್ಟಿಗಿ ಹೋಗಬೇಕು. ದಸರಾ ಸೂಟಿ ಮುಗದ ಮ್ಯಾಲ ಮತ್ತ ನೋಡೂಣು. ಆವಾಗೂ ಏರಿರಲಿಲ್ಲ ಅಂದ್ರ ದವಾಖಾನ್ಯಾಗ ಇಟ್ಕೋಬೇಕಾಕ್ಕೈತಿ."

ಅಂಜನಾಳಿಗೂ ಕಾಯಿಪಲ್ಯಕ್ಕೂ ಇದ್ದ ಸಂಬಂಧವನ್ನು ಹಾವು ಮುಂಗುಸಿ ಎಂದರೆ ಹಾವು ಮುಂಗುಸಿಗಳು ಬೇಜಾರು ಮಾಡಿಕೊಂಡಾವು. ಉಪ್ಪಿಟ್ಟಿನಲ್ಲಿ ಅಡಗಿ ಕುಳಿತ ಕೊತ್ತಂಬರಿಯ ಎಸಳನ್ನೂ ಅವಳು ಹುಡುಕಿ ಹಿಡಿದು, ತಾಟಿನ ಅಂಚಿಗೆ ಸಾಲಾಗಿ ಕೂರಿಸಿ, ಆಮೇಲೆ ತಾಟನ್ನೇ ದೂಡುವಳು. ಒಮ್ಮೆ ದೂಡಿದ ಪದಾರ್ಥವನ್ನು ಅವಳು ಮತ್ತೆ ಮೂಸಿಯೂ ನೋಡುತ್ತಿರಲಿಲ್ಲ. ತಮ್ಮ ಆನಂದ ಇನ್ನೂ ಅಂಗನವಾಡಿಯ ಕೂಸು. ಅಕ್ಕ ಉಗುಳಿದ್ದನ್ನು ತಾನೂ ಉಗುಳುವುದು ಅವನ ಧರ್ಮ.

ಸುಧಾರಾಣಿ ಹುನಗುಂದದ ಆಚೆ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ಮೊದಲ ಬಸ್ಸಿಗೆ ಹೋಗುವವಳು. ಆದ್ದರಿಂದ ಮುಂಜಾನೆಯ ನಾಷ್ಟಾ ನಾಗಲಿಂಗನ ಪಾಲು. ಡಾಕ್ಟರಮ್ಮನನ್ನು ಕಂಡು ಬಂದ ದಿನ ಅವಳು ಕಣ್ಣೀರು ಹಾಕಿದಳು.

"ಹೆಂಗ ತಿನ್ನಸೂದ್ರಿ ಈ ಹುಡುಗಿಗೆ?"

ಹೆಂಡತಿಯ ಕಣ್ಣೀರು ನೋಡಿದ ಗಂಡಸು ಬಾಯಿಗೆ ಬಂದದ್ದು ಆಡುತ್ತಾನೆ. ನಾಗಲಿಂಗ ಎದೆ ಉಬ್ಬಿಸಿದ. "ನೀ ನಿಶ್ಚಿಂತಿಯಿಂದ ಬಸ್ ಹತ್ತು. ಕಾಯಿಪಲ್ಯ ತಿನ್ನಸೂದು ಏನ ದೊಡ್ಡ ವಿದ್ಯೆ? ಎದುರಿಗೆ ಕುಂದ್ರಿಸಿ ಒಂದಿಷ್ಟು ಕಣ್ಣ ಬಿಟ್ಟ ನೋಡಿದ್ರ ಸಾಕು. ತಂದಿ ಅಂದ್ರ ಅಂಜಿಕಿ ಇರಬೇಕು."

ನಾಗಲಿಂಗನಿಗೆ ಅವನ ಅಂಗಡಿಯ ಬೆಕ್ಕು ಕೂಡ ಅಂಜುತ್ತಿರಲಿಲ್ಲ.

ಮರುದಿನ ಗಜ್ಜರಿ ಹೆಚ್ಚಿ ಹಾಕಿ ಉಪ್ಪಿಟ್ಟು ಮಾಡಿದ. ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಕಣ್ಣು ಬಿಟ್ಟ. ಅಂಜನಾ ತಂದೆಯ ಮುಖವನ್ನು ಕಾಳಜಿಯಿಂದ ನೋಡಿದಳು.

"ಅಪ್ಪಾ, ಕಣ್ಣಾಗ ಏನರ ಬಿದ್ದೈತೇನು? ಊದ್ಲೇನು?"

ಊದಿಯೂ ಬಿಟ್ಟಳು. ಆಮೇಲೆ ಗಜ್ಜರಿಯ ತುಣುಕುಗಳನ್ನು ಸಾಲು ಹಚ್ಚಿದಳು. ಒಳಗಿನಿಂದ ಸಾವಂತ್ರವ್ವನ ದನಿ ಬಂತು. "ಕಂಬಾ, ಅಳಿಯಾಗೋಳಿಗೆ ಹೇಳು. ಮುಂಜಾನೆದ್ದ ತಪ್ಪಲಾ ಗಡ್ಡಿ ತಿನ್ನಾಕ ನಮ್ಮ ಕೂಸುಗಳು ಆಡಿನ ಮರಿ ಅಲ್ಲಾ." ಹೀಗೆಂದು ಮಕ್ಕಳಿಗೆ ಚಹಾ ಬಿಸ್ಕೀಟು ಕೊಟ್ಟಳು.

ಸಂಜೆ ಸುಧಾರಾಣಿ ಬಸ್ಸಿಳಿದವಳೇ, "ತಿಂದ್ರೇನ್ರಿ?" ಎಂದಳು.

"ತಾಟ ನೆಕ್ಕಿ ತಿಂದ್ರು" ಎಂದ ನಾಗಲಿಂಗ.

ಅವಳ ಮುಖ ಅರಳಿತು. ಆ ಮುಖ ಮತ್ತೆ ಬಾಡಬಾರದೆಂದು ಅವನು ದಿನವೂ ಅದೇ ಸುಳ್ಳು ಹೇಳಬೇಕಾಯಿತು. ಸುಳ್ಳು ಹೇಳಿದ ಮೇಲೆ ಅದನ್ನು ಖರೆ ಮಾಡುವ ಕೆಲಸವೂ ಅವನ ಕೊರಳಿಗೇ ಬಿತ್ತು.

ದಾರಿ ತೋರಿಸಿದ್ದು ಒಂದು ಅರಿಷಿಣ ಬಣ್ಣದ ಸೀರೆ. ಅದಕ್ಕೆ ಫಾಲ್ ಹಚ್ಚುತ್ತ ಕುಳಿತಾಗ ನಾಗಲಿಂಗನಿಗೆ ಹೊಳೆಯಿತು. ಫಾಲಿನ ಶಾಸ್ತ್ರ ದೊಡ್ಡದೇನಲ್ಲ. ಬಣ್ಣ ಹೊಂದಬೇಕು, ಹೊಲಿಗೆ ಕಾಣಬಾರದು, ಸೀರೆ ಮಾತ್ರ ನೆಟ್ಟಗೆ ನಿಲ್ಲಬೇಕು. ಮಕ್ಕಳ ನಾಷ್ಟಾಕ್ಕೂ ಫಾಲ್ ಹಚ್ಚಿದರೆ ಹೇಗೆ?

ಮರುದಿನ ಅವನು ಅಂಗಡಿಗೆ ಒಂದು ಮುಷ್ಟಿ ಉಪ್ಪಿಟ್ಟು ಒಯ್ದು, ಬೇಯಿಸಿದ ಕುಂಬಳಕಾಯಿಯ ಪಕ್ಕಕ್ಕಿಟ್ಟು, ದಾರದ ಬಣ್ಣ ಹೊಂದಿಸುವವನಂತೆ ಬೆಳಕಿಗೆ ಹಿಡಿದು ನೋಡಿದ. ಅರಿಷಿಣ ಒಂಚೂರು ಹೆಚ್ಚು ಮಾಡಿದರೆ ಯಾವುದು ರವೆ, ಯಾವುದು ಕುಂಬಳ ಎಂದು ಬ್ರಹ್ಮನೂ ಹೇಳಲಾರ. ಮಾರನೆಯ ಮುಂಜಾನೆ ಅಂಥ ಉಪ್ಪಿಟ್ಟು ಬಡಿಸಿದಾಗ ಅಂಜನಾ ತಾಟು ಬರಿದು ಮಾಡಿ ಇನ್ನಷ್ಟು ಕೇಳಿದಳು. ಆನಂದನೂ ಕೇಳಿದ. ನಾಗಲಿಂಗ ಅಡುಗೆಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡ.

ತಪ್ಪಲಿನ, ಅಂದರೆ ಸೊಪ್ಪಿನ, ಸರದಿ ಬಂತು. ರಕ್ತಕ್ಕೆ ನುಗ್ಗಿ ತಪ್ಪಲ ಭಾಳ ಚಲೋ ಎಂದು ಡಾಕ್ಟರಮ್ಮ ಹೇಳಿದ್ದರು. ಆದರೆ ಸಾವಂತ್ರವ್ವನ ಮನೆಗೆ ನುಗ್ಗಿ ಬರುವಂತಿರಲಿಲ್ಲ. ನುಗ್ಗಿ ಗಿಡದಲ್ಲಿ ದೆವ್ವ ಕೂರುತ್ತದೆಂದು ಹಿತ್ತಲಲ್ಲಿದ್ದ ಗಿಡವನ್ನೇ ಅವಳು ಕಡಿಸಿ ಹಾಕಿದ್ದಳು. ಅದರ ಎಲೆಯೂ ಹೊಸ್ತಿಲು ದಾಟಕೂಡದು.

ನಾಗಲಿಂಗ ಅದಕ್ಕೂ ಫಾಲ್ ಹುಡುಕಿದ. ಸುಸಲಾ ಎಂದರೆ ನೆನೆಸಿದ ಚುರಮುರಿಗೆ ಒಗ್ಗರಣೆ. ಮೇಲೆ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆಯ ಪುಡಿ, ಉದುರಿಸದಿದ್ದರೆ ನಮ್ಮ ಕಡೆ ಅದನ್ನು ಯಾರೂ ಸುಸಲಾ ಎನ್ನುವುದಿಲ್ಲ. ಆ ಪುಟಾಣಿ ಹಿಟ್ಟಿನಲ್ಲೇ ಒಣಗಿದ ನುಗ್ಗಿ ತಪ್ಪಲು ಕೂಡಿಸಿದರಾಯಿತು. ಗೆಳೆಯ ಮತೀನನ ಹಿಟ್ಟಿನ ಗಿರಣಿಯ ಹಿಂದೆ ದೊಡ್ಡ ನುಗ್ಗಿ ಗಿಡವಿತ್ತು. ನಾಗಲಿಂಗ ತಪ್ಪಲು ಹರಿದು, ಅಂಗಡಿಯೊಳಗೆ ಸೀರೆಗಳ ಮರೆಯಲ್ಲಿ ನೆರಳಿಗೆ ಒಣಗಿಸಿ, ಪುಟಾಣಿ ಜೊತೆ ಗಿರಣಿಗೆ ತಂದ.

"ಏನಲೇ ಇದು? ಆಡಿಗೆ ಲಾಡು ಕಟ್ಟತೀಯೇನು?" ಎಂದ ಮತೀನ.

"ಲೇ ಮತೀನ, ನಿನಗ ಕೈ ಮುಗೀತೇನಿ, ಯಾರ ಮುಂದೂ ಬಾಯಿ ಬಿಡಬ್ಯಾಡ. ಮಗಳಿಗೆ ಗೊತ್ತಾತಂದ್ರ ಮುಗೀತು, ಮತ್ತ ಜನ್ಮದಾಗ ಮುಟ್ಟೂದಿಲ್ಲ. ಅತ್ತಿಗೆ ಗೊತ್ತಾದ್ರ ಮುಗೀತು. ಹೆಂಡತಿಗೆ ಗೊತ್ತಾದ್ರ..."

"ಅಲ್ಲೂ ಮುಗೀತು. ತಿಳೀತು. ಅಲ್ಲಾನ ಆಣಿ, ನನ್ನ ಬಾಯಿಂದ ಒಂದ ಶಬ್ದ ಬರೂದಿಲ್ಲ."

ಮತೀನನ ಆಣೆ ಎಷ್ಟು ಗಟ್ಟಿ ಎಂಬುದೇ ಮುಂದೆ ನಾಗಲಿಂಗನಿಗೆ ಮುಳುವಾಯಿತು. ಚಾಡಿಕೋರ ಗೆಳೆಯನಿಂದ ಇಷ್ಟು ಹಾನಿಯಾಗುತ್ತಿರಲಿಲ್ಲ.

ಹಸಿರು ಪುಡಿ ದಾರದ ಡಬ್ಬಿಯಲ್ಲಿ ಮನೆ ಸೇರಿತು. ದಿನಾ ಮುಂಜಾನೆ ನಾಗಲಿಂಗ ಅತ್ತ ಇತ್ತ ನೋಡಿ, ಬೆನ್ನು ತಿರುಗಿಸಿ, ಸುಸಲಾದ ಮೇಲೆ ಪುಡಿ ಉದುರಿಸುವನು. ಬಾಯಲ್ಲಿ ತಾನೇತಾನಾಗಿ "ಗೊತ್ತಾಗಬಾರದು, ಗೊತ್ತಾಗಬಾರದು" ಎಂಬ ಜಪ ಹೊರಡುವುದು. ಅಂಜನಾ ಮೊದಲ ದಿನ, "ಪುಟಾಣಿ ಹಿಟ್ಟ ಯಾಕ ಹಿಂಗೈತಿ?" ಎಂದಳು. "ಹೊಸಾ ಪುಟಾಣಿ" ಎಂದ. ತಿಂದಳು. ದಿನ ಕಳೆದಂತೆ ಪ್ರಾರ್ಥನೆಯಲ್ಲಿ ಗೋಡೆಗೆ ಒರಗುವುದನ್ನು ಬಿಟ್ಟಳು. ಓಣಿಯಲ್ಲಿ ಕುಂಟಬಿಲ್ಲೆ ಆಡಲು ಶುರು ಮಾಡಿ, ತಮ್ಮನನ್ನು ಬಡಿಯುವಷ್ಟು ಚೇತರಿಸಿಕೊಂಡಳು.

ಆದರೆ ಸುಸಲಾ ಮಕ್ಕಳಷ್ಟೇ ತಿನ್ನುತ್ತಿರಲಿಲ್ಲ. ಸಾವಂತ್ರವ್ವನೂ ತಿನ್ನುತ್ತಿದ್ದಳು.

ಅವಳಿಗೆ ಹೊಟ್ಟೆಯ ಹಳೆಯ ತ್ರಾಸು. ಮುಂಜಾನೆ ಹಿತ್ತಲಿನಿಂದ ಬರುವಾಗ ಕೋರ್ಟಿನಲ್ಲಿ ಕೇಸು ಸೋತವಳ ಮುಖ. ಆ ಸಿಟ್ಟು ಇಡೀ ದಿನ ಓಣಿಯ ಮೇಲೆ ಬೀಳುತ್ತಿತ್ತು. ಹಸಿರು ಪುಡಿ ಒಳಗೆ ಹೋದಮೇಲೆ ಅವಳು ದಿನವೂ ಕೇಸು ಗೆಲ್ಲತೊಡಗಿದಳು. ನಿದ್ದೆ ಬಂತು, ನಗೆ ಬಂತು. ಒಂದು ಮುಂಜಾನೆ ಕಟ್ಟೆಯ ಮೇಲೆ ಕುಳಿತಿದ್ದ ಅಳಿಯನನ್ನು ನೋಡಿ, ಕಂಬವನ್ನು ಬಿಟ್ಟು, ನೇರವಾಗಿ ಬಾಯಿ ತೆರೆದಳು.

"ಅಳಿಯಾಗೋಳ್ರ, ಚಹಾ ಆರತೈತಿ. ಕುಡೀರಿ."

ನಾಗಲಿಂಗ ತಿರುಗಿ ಕಂಬವನ್ನು ನೋಡಿದ. ಎದುರುಮನೆಯ ಇಂದ್ರವ್ವ ಅಂಗಳಕ್ಕೆ ನೀರು ಹಾಕುತ್ತಿದ್ದವಳು ತನ್ನ ಕಾಲ ಮೇಲೆಯೇ ಹಾಕಿಕೊಂಡಳು.

ಇಂದ್ರವ್ವ ನಮ್ಮ ಓಣಿಯ ಪೇಪರು. ಅಂದು ನಳದ ಹತ್ತಿರ ಸಾವಂತ್ರವ್ವ, "ನಮ್ಮ ಅಳಿಯಾಗೋಳು ಬಂಗಾರದಂಥಾವ್ರು" ಎಂದು ಬೇರೆ ಹೇಳಿದಾಗ ಅವಳಿಗೆ ಅನುಮಾನವೇ ಉಳಿಯಲಿಲ್ಲ.

"ಸಾವಂತ್ರಕ್ಕಾ, ಹೊಟ್ಟಿ ಹೆಂಗೈತಿ?"

"ಮೊದಲ ಗುಡುಗುಡು ಅಂತಿತ್ತು. ಈಗ ಇಲ್ಲ."

"ಅಯ್ಯ ನಮ್ಮವ್ವ! ಅದಾ ಅದರ ಲಕ್ಷಣಾ. ನಿದ್ದಿ?"

"ಚಲೋ ಬರ್ತೈತಿ."

"ಬರ್ತೈತಲ್ಲಾ! ಅಳಿಯನ ಮ್ಯಾಲ ಸಿಟ್ಟು?"

"ಯಾಕೋ ಬರವಲ್ದು."

ಇಂದ್ರವ್ವ ಎದೆ ಬಡಿದುಕೊಂಡಳು. "ಮದ್ದ ಹಾಕ್ಯಾನಬೇ ನಿನಗ! ಮದ್ದ!"

ಊಟದಲ್ಲಿ ಗುಟ್ಟಾಗಿ ಏನನ್ನೋ ಬೆರೆಸಿ ತಿನ್ನಿಸಿದರೆ, ತಿಂದವರು ತಿನ್ನಿಸಿದವರ ಮಾತಿಗೆ ಕುಣಿಯುತ್ತಾರೆ ಎಂಬುದು ನಮ್ಮಲ್ಲಿ ಬಹಳ ಮಂದಿಯ ನಂಬಿಕೆ. ಅದಕ್ಕೆ ಮದ್ದು ಹಾಕುವುದು ಎನ್ನುತ್ತಾರೆ. ಅತ್ತೆಗೆ ಅಳಿಯನ ಮೇಲೆ ಪ್ರೀತಿ ಬಂದರೆ ಬೇರೆ ಕಾರಣ ಇರಲು ಸಾಧ್ಯವೇ? ಅದರಲ್ಲೂ ಮನೆ ಅತ್ತೆಯ ಹೆಸರಿನಲ್ಲಿರುವಾಗ?

ಮರುದಿನ ನಸುಕಿನಲ್ಲಿ ಇಂದ್ರವ್ವ ಅಡುಗೆಮನೆಯ ಕಿಟಕಿಗೆ ಬಂದು ನಿಂತಳು. ಅವಳ ಕಣ್ಣೆದುರೇ ನಾಗಲಿಂಗ ಅತ್ತ ಇತ್ತ ನೋಡಿದ. ಬೆನ್ನು ತಿರುಗಿಸಿದ. ಡಬ್ಬಿ ತೆಗೆದ. ಹಸಿರು ಪುಡಿ ಉದುರಿಸಿದ. ಮಂತ್ರವನ್ನೂ ಹೇಳಿದ. ಇನ್ನೇನು ಉಳಿಯಿತು?

ಸಂಜೆ ಸಾವಂತ್ರವ್ವ ಮಗಳನ್ನು ಒಳಗೆ ಕರೆದು ಕೇಳಿದಳು. ಸುಧಾರಾಣಿ ನಕ್ಕಳು. "ಯವ್ವಾ, ಹುಚ್ಚರಂಗ ಮಾತಾಡಬ್ಯಾಡ. ಪುಡಿ ಪಡಿ ಏನಿಲ್ಲ. ಅವರು ಮಕ್ಕಳನ್ನ ಎದುರಿಗೆ ಕುಂದ್ರಿಸಿ, ಕಣ್ಣ ಬಿಟ್ಟು, ಹೋಳ ಹೋಳ ಕಾಯಿಪಲ್ಯ ತಿನ್ನಸ್ತಾರ. ಬೇಕಾದ್ರ ಕೇಳು. ಅಂಜನಾ, ದಿನಾ ಕಾಯಿಪಲ್ಯ ತಿಂತೀಯಲ್ಲವಾ?"

"ಥೂ! ಒಂದ ದಿನಾನೂ ತಿಂದಿಲ್ಲ" ಎಂದಳು ಅಂಜನಾ ಹೆಮ್ಮೆಯಿಂದ.

ಸುಧಾರಾಣಿಯ ನಗೆ ನಿಂತಿತು. ಗಂಡ ಇಷ್ಟು ದಿನ ತನಗೆ ಸುಳ್ಳು ಹೇಳಿದ್ದಾನೆ ಎಂಬುದು ಮದ್ದಿಗಿಂತ ಹೆಚ್ಚು ಉರಿಯಿತು. ಹಾಗಾದರೆ ಆ ಪುಡಿ ಯಾವುದು? ಗಂಡನನ್ನು ಕೇಳಿದರೆ ಅವನು ಮಗಳ ಕಡೆ ನೋಡಿ, "ಆಮ್ಯಾಲ ಹೇಳ್ತೇನಿ" ಎಂದು ಅಂಗಡಿಗೆ ಓಡಿದ. ಪುಡಿ ಎಂದಮೇಲೆ ಗಿರಣಿಯಲ್ಲೇ ಬೀಸಿಸಿರಬೇಕೆಂದು ಹೋಗಿ ಮತೀನನನ್ನು ಕೇಳಿದಳು.

"ಅಕ್ಕಾರ, ಕುತ್ತಿಗಿ ಕೊಯ್ದ್ರೂ ಹೇಳೂದಿಲ್ಲ. ಆಣಿ ಮಾಡೇನಿ" ಎಂದ ಮತೀನ. ಹೇಳಿ ನೆಮ್ಮದಿಯಾಗಿ ಗೋಧಿ ಬೀಸತೊಡಗಿದ.

ಭಾನುವಾರ ಮುಂಜಾನೆ ಸಾವಂತ್ರವ್ವನ ತಮ್ಮ ನಿಂಗರಾಜ ಹುನಗುಂದದಿಂದ ಬಂದಿಳಿದ. ಯಾರ ಮಾತನ್ನೂ ಪೂರ್ತಿ ಕೇಳದಿರುವುದು ಅವನ ಹುಟ್ಟುಗುಣ. ಜೊತೆಗೆ ಚೊಳಚಗುಡ್ಡದಿಂದ ಮದ್ದು ತೆಗೆಯುವ ಮುತ್ತಪ್ಪಜ್ಜನನ್ನು ಕರೆತಂದಿದ್ದ. ಕಟ್ಟೆಯ ಮೇಲೆ ಅಜ್ಜ, ಅಂಗಳದಲ್ಲಿ ಓಣಿ. ನಾವೆಲ್ಲ ನಾಷ್ಟಾ ಬಿಟ್ಟು ಬಂದಿದ್ದೆವು. ನಾಗಲಿಂಗನ ಡಬ್ಬಿ ಜಪ್ತಿಯಾಗಿ ನಡುವೆ ಕುಳಿತಿತ್ತು.

ಮರುದಿನ ಸೋಮವಾರ ಅಂಜನಾಳ ರಕ್ತ ನೋಡುವ ದಿನ. ಅದು ನಾಗಲಿಂಗನಿಗೆ ಮಾತ್ರ ನೆನಪಿತ್ತು.

ನಿಂಗರಾಜನಿಗೆ ಸಿಟ್ಟು ತಡೆಯಲಾಗಲಿಲ್ಲ. ಫೋನು ತೆಗೆದು ಪೊಲೀಸರಿಗೆ ಹಚ್ಚಿಯೇ ಬಿಟ್ಟ.

"ಹಲೋ! ಇಳಕಲ್ಲಿಂದ ಮಾತಾಡಾಕತ್ತೇನ್ರಿ. ಇಲ್ಲೊಬ್ಬ ಮದ್ದ ಇಟ್ಟಾನ್ರಿ. ಹೂಂನ್ರಿ, ಮನ್ಯಾಗಾ. ಹೆಣಮಕ್ಕಳು ಕೂಸುಗಳು ಒಳಗದಾರ್ರಿ. ಲಗೂನ ಬರ್ರಿ!"

ಇಳಕಲ್ಲಿನ ಸುತ್ತ ಕೆಂಪು ಕಲ್ಲಿನ ಕ್ವಾರಿಗಳು. ಕಲ್ಲು ಸಿಡಿಸಲು ಇಡುವುದಕ್ಕೂ ನಮ್ಮಲ್ಲಿ ಮದ್ದು ಎಂದೇ ಹೆಸರು. ಪೊಲೀಸರು ಆ ಮದ್ದನ್ನು ಕೇಳಿಸಿಕೊಂಡರೆ ಅವರದೇನು ತಪ್ಪು? ಜೀಪು ಓಣಿಗೆ ನುಗ್ಗಿತು. ಹವಾಲ್ದಾರರು ಜಿಗಿದು ಇಳಿದರು.

"ಎಲ್ಲೈತಿ ಮದ್ದು?"

"ಇಲ್ಲಿ ಡಬ್ಬ್ಯಾಗ ಒಂದಿಷ್ಟು ಐತ್ರಿ" ಎಂದ ನಿಂಗರಾಜ.

"ಯಾವ ಕ್ವಾರಿಯಿಂದ ತಂದಾನ?"

"ಕ್ವಾರಿ ಅಲ್ರಿ. ಮತೀನನ ಗಿರಣ್ಯಾಗ ಬೀಸ್ಯಾನ್ರಿ."

"ಮದ್ದು? ಗಿರಣ್ಯಾಗ? ಬೀಸಿದ್ದು?" ಹವಾಲ್ದಾರರ ಮುಖ ಬಿಳಿಚಿತು. "ಉಳದದ್ದೆಲ್ಲಿ?"

"ನಮ್ಮಕ್ಕನ ಹೊಟ್ಟ್ಯಾಗ ಐತ್ರಿ."

ಹವಾಲ್ದಾರರು ಹಿಂದಕ್ಕೆ ಸರಿದು ಜೀಪಿಗೆ ಆತುಕೊಂಡರು. "ಯಾರೂ ಬೀಡಿ ಹಚ್ಚಬ್ಯಾಡ್ರಿ! ಅಜ್ಜೀ, ನೀ ಅಲಗ್ಯಾಡಬ್ಯಾಡ. ಹೆಂಗ ಕುಂತೀದಿ ಹಂಗ ಕುಂದ್ರು."

"ಯಾಕ ಅಲಗ್ಯಾಡಬಾರದು?" ಎಂದಳು ಸಾವಂತ್ರವ್ವ. "ಈ ತಿಂಗಳಾ ನಾ ಸಲೀಸ ಅಲಗ್ಯಾಡಾಕತ್ತದ್ದು."

ಇದು ಯಾವ ಮದ್ದು ಎಂದು ಅವರಿಗೆ ತಿಳಿಸುವಷ್ಟರಲ್ಲಿ ಇಂದ್ರವ್ವನ ದನಿ ಒಡೆಯಿತು. ತಿಳಿದ ಮೇಲೆ ಹವಾಲ್ದಾರರು ಕಟ್ಟೆಯ ಮೇಲೆ ಕುಸಿದು, ನೀರು ಬೇಡಿ, ಟೊಪ್ಪಿಗೆ ತೆಗೆದು ಬೆವರೊರೆಸಿಕೊಂಡರು. ಬಂದದ್ದಕ್ಕಾದರೂ ಒಂದು ಪ್ರಶ್ನೆ ಕೇಳಬೇಕಲ್ಲ.

"ಏನಪಾ, ಏನೈತಿ ಈ ಡಬ್ಬ್ಯಾಗ? ಖರೆ ಹೇಳು."

ನಾಗಲಿಂಗ ಬಾಯಿ ತೆರೆದ. ನುಗ್ಗಿ ತಪ್ಪಲ ಎಂದು ಒಂದು ಮಾತು ಹೇಳಿದರೆ ಎಲ್ಲ ಮುಗಿಯುತ್ತಿತ್ತು. ಹೊಸ್ತಿಲ ಮೇಲೆ ಅಂಜನಾ ನಿಂತಿದ್ದಳು. ಕೈಯಲ್ಲಿ ಸುಸಲಾದ ಬಟ್ಟಲು. ತಳದ ಹಸಿರು ಹಿಟ್ಟನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದಳು. ಕೆನ್ನೆಯಲ್ಲಿ ಈಗೀಗ ಒಂದಿಷ್ಟು ಕೆಂಪು ಬಂದಿತ್ತು. ಆ ಹೆಸರು ಒಮ್ಮೆ ಕಿವಿಗೆ ಬಿದ್ದರೆ ಈ ಬಟ್ಟಲು ಮತ್ತೆ ಬರಿದಾಗುವುದಿಲ್ಲ. ಮತ್ತೆ ಗೋಡೆಗೆ ಒರಗುವುದು, ಮತ್ತೆ ಸೂಜಿ, ದವಾಖಾನೆಯ ಮಂಚ.

ನಾಗಲಿಂಗ ಹವಾಲ್ದಾರರ ಕಡೆ ತಿರುಗಿದ. "ಮದ್ದ ರೀ ಸಾಹೇಬ್ರ" ಎಂದ. "ಮದ್ದ ಹಾಕೇನಿ."

ಓಣಿ ಹೋ ಎಂದಿತು. ಗಿರಣಿಯಿಂದ ಬಂದು ನಿಂತಿದ್ದ ಮತೀನ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ಕೇಳಿದ್ರಿಲ್ಲೋ!" ನಿಂಗರಾಜ ಕುಣಿದ. "ತಾನಾ ಒಪ್ಪಿಕೊಂಡ! ನಡೀಲೇ, ಈ ಮನಿಯಿಂದ ಈಗಿಂದೀಗ ಹೊರಬೀಳು!"

ನಾಗಲಿಂಗ ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದ. ಅಷ್ಟರಲ್ಲಿ ಸುಧಾರಾಣಿ ಮುಂದೆ ಬಂದು ಡಬ್ಬಿ ಎತ್ತಿಕೊಂಡಳು. ಮುಚ್ಚಳ ತೆಗೆದು ಮೂಸಿದಳು. ಬೆರಳು ಅದ್ದಿ ನಾಲಿಗೆಗೆ ಹಚ್ಚಿದಳು. ಗಂಡನ ಮುಖ ನೋಡಿದಳು. ಅವನು ಕಣ್ಣಿನಿಂದಲೇ ಹೊಸ್ತಿಲ ಕಡೆ ತೋರಿಸಿದ. ಅವಳು ಮಗಳನ್ನು ನೋಡಿದಳು, ಮಗಳ ಬಟ್ಟಲು ನೋಡಿದಳು. ಅವಳ ಕಣ್ಣು ತುಂಬಿ ಬಂತು. ಕಣ್ಣು ಬಿಟ್ಟು ಹೆದರಿಸುತ್ತೇನೆ ಎಂದಿದ್ದ ಗಂಡ, ಮಗಳಿಗೆ ಅಂಜಿ ಕಳ್ಳನ ಹಾಗೆ ಬದುಕಿದ್ದ. ಅವನ ಮೇಲೆ ಅವಳಿಗೆ ಹಿಂದೆಂದೂ ಇಷ್ಟು ಅಕ್ಕರೆ ಬಂದಿರಲಿಲ್ಲ.

ಅವಳು ಮುಚ್ಚಳ ಗಟ್ಟಿಯಾಗಿ ಹಾಕಿದಳು. "ಹೌದ್ರಿ ಮಾವಾರ. ಇದು ಮದ್ದ. ನನಗೂ ಹಾಕ್ಯಾರ ಅಂತ ಕಾಣತೈತಿ. ಇವರು ಹೋದ್ರ ನಾನೂ ಹೋಗ್ತೇನಿ."

ಓಣಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. "ಮಗಳಿಗೂ ಹಾಕ್ಯಾನವ್ವಾ!" ಎಂದು ಇಂದ್ರವ್ವ ಗೋಡೆ ಹಿಡಿದು ಕುಳಿತಳು. ನಿಂಗರಾಜ ಮುತ್ತಪ್ಪಜ್ಜನ ಕಾಲು ಹಿಡಿದ. "ಅಜ್ಜಾರ, ಲಗೂನ ತಗೀರಿ!"

ಮುತ್ತಪ್ಪಜ್ಜ ಎದ್ದು ಸಾವಂತ್ರವ್ವನ ನಾಲಿಗೆ ನೋಡಿದ, ಉಗುರು ನೋಡಿದ, ಕಣ್ಣು ಮುಚ್ಚಿ ಏನೋ ಗುನುಗಿದ. ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ.

"ಮದ್ದ ಭಾಳ ಗಟ್ಟಿ ಐತಿ. ಆದ್ರ ಇದನ್ನ ಇಳಸಾಕ ಉತಾರ ಐತಿ. ಇಡೀ ಮನಿಮಂದಿ ದಿನಾ ಮುಂಜಾನಿ ಖಾಲಿ ಹೊಟ್ಟಿಲೆ ಒಂದೊಂದ ವಾಟಗಾ ನುಗ್ಗಿ ತಪ್ಪಲದ ರಸ ಕುಡೀಬೇಕು."

ನಾಗಲಿಂಗನಿಗೆ ಬಿಕ್ಕಳಿಕೆ ಹತ್ತಿತು. ಮತೀನ ಗೋಡೆಯ ಕಡೆ ತಿರುಗಿದ. ಅವನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆಂದು ನಾವು ತಿಳಿದೆವು.

ಹೊಸ್ತಿಲಿನಿಂದ ಕಿರುಚು ಬಂತು. "ತಪ್ಪಲದ ರಸಾ? ನಾ ಒಲ್ಲೆ!" ಅಂಜನಾ ಓಡಿ ಬಂದು ತಂದೆಯ ಕಾಲು ತಬ್ಬಿದಳು. "ನನಗ ತಪ್ಪಲಾ ಬ್ಯಾಡ. ನನಗ ಅಪ್ಪನ ಮದ್ದ ಇರಲಿ!"

"ನನಗೂ ಮದ್ದ ಇರಲಿ!" ಎಂದ ಆನಂದ, ಇನ್ನೊಂದು ಕಾಲು ಹಿಡಿದು.

ಎಲ್ಲರೂ ಸಾವಂತ್ರವ್ವನನ್ನು ನೋಡಿದರು. ಅವಳು ಗಲ್ಲಕ್ಕೆ ಕೈಹಚ್ಚಿ ಕುಳಿತಿದ್ದಳು. ಉತಾರದ ಮಾತು ಕೇಳಿದಾಗಿನಿಂದ ಅವಳ ಕಣ್ಣು ಡಬ್ಬಿಯ ಮೇಲಿತ್ತು. ಕಡೆಗೆ ಎದ್ದು ನಿಂತಳು.

"ನಿಂಗ್ಯಾ, ನೀ ಊರಿಗೆ ನಡಿ. ಅಜ್ಜಾರ, ನೀವು ಉಂಡ ಹೋಗ್ರಿ. ನನಗ ಉತಾರ ಬ್ಯಾಡ. ನನ್ನ ಹೊಟ್ಟಿ ಹಗುರ ಆಗೇತಿ, ನಿದ್ದಿ ಬರಾಕತ್ತೈತಿ, ಮಮ್ಮಗಳು ಆಡಾಕತ್ತಾಳ. ಅಳಿಯನ ಮ್ಯಾಲ ಪ್ರೀತಿ ಬರಾಕ ಮದ್ದ ಬೇಕಾತಂದ್ರ ಅದು ನನ್ನ ತಪ್ಪು, ಅವರದಲ್ಲ."

ಇದಕ್ಕೆ ಕಾನೂನಿನಲ್ಲಿ ಯಾವ ಕಲಮೂ ಇಲ್ಲ ಎಂದು ಹವಾಲ್ದಾರರು ಎದ್ದರು. ಜೀಪು ಹತ್ತುವ ಮೊದಲು ನಾಗಲಿಂಗನನ್ನು ಪಕ್ಕಕ್ಕೆ ಕರೆದರು. "ನಮ್ಮ ಮನ್ಯಾಗೂ ಅತ್ತಿಯವ್ರು ಬಂದ ಕುಂತಾರ. ಒಂದ ಚಿಟಿಕಿ ಸಿಗತೈತೇನು?"

ಸೋಮವಾರ ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿದರು. ಮತ್ತೊಮ್ಮೆ ನೋಡಿದರು.

"ಚಲೋ ಏರೇತ್ರಿ! ಹಿಂಗಾ ನಡಸ್ರಿ, ದವಾಖಾನ್ಯಾಗ ಇಡೂದು ಬ್ಯಾಡ. ಏನ ತಿಂದೀ ಪುಟ್ಟೀ?"

"ಮದ್ದು" ಎಂದಳು ಅಂಜನಾ.

"ಶ್ಯಾಣ್ಯಾಕಿ! ಹಂಗ ಮದ್ದ ತಪ್ಪಸಬಾರದು" ಎಂದು ಡಾಕ್ಟರಮ್ಮ ಅವಳ ಕೆನ್ನೆ ತಟ್ಟಿದರು. ಸುಧಾರಾಣಿ ಸೆರಗು ಬಾಯಿಗೆ ಹಿಡಿದು ಹೊರಗೆ ಬಂದಳು. ಬರುವಾಗ ದಾರಿಯುದ್ದಕ್ಕೂ ಗಂಡಹೆಂಡತಿ ನಕ್ಕರು.

ಆದರೆ ನಮ್ಮ ಓಣಿಗೆ ಹೆದರಿಕೆ ಹೋಗಿರಲಿಲ್ಲ. ಸಾವಂತ್ರವ್ವನ ಮನೆಯಲ್ಲಿ ಎಂದಾದರೂ ಒಂದು ತುತ್ತು ತಿಂದವರೆಲ್ಲ ತಮಗೂ ಮದ್ದು ಬಿದ್ದಿರಬಹುದೆಂದು ಉತಾರಕ್ಕೆ ಓಡಿದರು. ಮುಂದೆ ಇಂದ್ರವ್ವ, ಹಿಂದೆ ನಾವು. ಮಂಗಳವಾರ ಮುಂಜಾನೆ ಓಣಿಯ ತುಂಬ ನುಗ್ಗಿ ತಪ್ಪಲಿನ ರಸ ಅರೆಯುವ ಸಪ್ಪಳ. ಮತೀನನ ಗಿರಣಿಯ ಹಿಂದಿನ ಗಿಡದಲ್ಲಿ ಒಂದು ಎಲೆ ಉಳಿಯಲಿಲ್ಲ. ನಾಗಲಿಂಗ ಚೀಲ ಹಿಡಿದು ಹೋದಾಗ ಅಲ್ಲಿ ಬರೀ ಟೊಂಗೆಗಳಿದ್ದವು. ಡಬ್ಬಿಯ ತಳದಲ್ಲಿದ್ದ ಕೊನೆಯ ಪುಡಿಯೂ ಅಷ್ಟರಲ್ಲಿ ಮುಗಿಯಿತು.

ಮರುದಿನ ಅವನು ಬರೀ ಪುಟಾಣಿ ಹಿಟ್ಟು ಉದುರಿಸಿ ಸುಸಲಾ ಮಾಡಿದ. ಮಕ್ಕಳು ತಿಂದು ಶಾಲೆಗೆ ಓಡಿದರು. ಸಾವಂತ್ರವ್ವ ಒಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ, ಬಟ್ಟಲನ್ನು ನೋಡಿದಳು. ಕಂಬದ ಕಡೆ ತಿರುಗಲಿಲ್ಲ.

"ಅಳಿಯಾಗೋಳ್ರ, ಇವತ್ತ ಮದ್ದ ಹಾಕಿಲ್ಲೇನ್ರಿ?"

ನಾಗಲಿಂಗ ಬೆವೆತ. "ಇಲ್ರಿ... ಅದು... ತೀರೇತ್ರಿ."

"ಗೊತ್ತೈತಿ. ಓಣಿ ತುಂಬ ರಸಾ ಅರದಾಗ ನಿಮ್ಮ ಡಬ್ಬಿ ವಾಸನಿನಾ ಬಂತು. ಹಿತ್ತಲಕ್ಕ ಹೋಗಿ ನೋಡ್ರಿ."

ಹಿತ್ತಲಲ್ಲಿ, ಹಿಂದೆ ಗಿಡ ಕಡಿಸಿದ ಜಾಗದಲ್ಲಿಯೇ, ಒಂದು ನುಗ್ಗಿ ಟೊಂಗೆ ಊರಿತ್ತು. ಬುಡಕ್ಕೆ ಹೊಸ ಮಣ್ಣು, ತುದಿಗೆ ಸೆಗಣಿಯ ಉಂಡೆ. ನೀರು ಹಾಕಿದ ಹಸಿ ಇನ್ನೂ ಆರಿರಲಿಲ್ಲ. ನಾಗಲಿಂಗ ನೋಡುತ್ತಲೇ ನಿಂತ. ಹಿಂದೆ ಬಾಗಿಲಲ್ಲಿ ಸಾವಂತ್ರವ್ವ ಕೊಡ ಹಿಡಿದು ನಿಂತಿದ್ದಳು.

"ಚಿಗಿಯೂತನಕ ಸಂತಿಯಿಂದ ತರೂಣು. ದೆವ್ವ ಬಂದ್ರ ನಾ ನೋಡ್ಕೋತೇನಿ" ಎಂದಳು. "ನೀವು ಮಾತ್ರ ಮದ್ದ ತಪ್ಪಸಬ್ಯಾಡ್ರಿ."